ಆಂಟೆನಾ ಗೇನ್ ಜಾಸ್ತಿ ಆದ್ರೆ ಎಲ್ಲಾ ದಿಕ್ಕಿನಿಂದ್ಲೂ ಸಿಗ್ನಲ್ ಜಾಸ್ತಿ ಬರುತ್ತಾ? ಲೆಕ್ಕ ಹಾಕಿ, ಮನೇಲೇ ಅಳೆದು ನೋಡೋ ವಿಧಾನ

ಮಲೆನಾಡು ಕಡೆ ತೋಟದ ಮನೇಲಿ 4ಜಿ ರೂಟರ್ ಇಟ್ಕೊಂಡು ಒದ್ದಾಡ್ತಿರೋರು ಆಂಟೆನಾ ತಗೊಳ್ಳೋಕೆ ಹೋದಾಗ ಮೊದ್ಲು ನೋಡೋದು ಡಬ್ಬದ ಮೇಲಿರೋ ಡಿಬಿಐ ನಂಬರ್, ಅಂದ್ರೆ ಆಂಟೆನಾ ಸಿಗ್ನಲ್ಲನ್ನ ಎಷ್ಟು ಜಾಸ್ತಿ ಹಿಡಿಯುತ್ತೆ ಅಂತ ಹೇಳೋ ಗೇನ್‌ನ ಅಳತೆ. 5 ಇದ್ರೆ ಕಮ್ಮಿ, 12 ಇದ್ರೆ ಒಳ್ಳೇದು, 24 ಇದ್ರೆ ಇನ್ನೂ ಒಳ್ಳೇದು ಅಂತ ಅಂಗಡಿಯವರೂ ಹೇಳ್ತಾರೆ, ನಾವೂ ನಂಬ್ತೀವಿ. ಈ ನಂಬರ್ ಸುಳ್ಳಲ್ಲ, ಆದ್ರೆ ಅದು ಒಂದೇ ಒಂದು ದಿಕ್ಕಿನ ನಂಬರ್. ಸುತ್ತಲೂ ಎಲ್ಲಾ ಕಡೆಯಿಂದ ಬರೋ ಪವರ್ ಒಟ್ಟು ಸೇರಿಸಿ ನೋಡಿದ್ರೆ 2 ಡಿಬಿಐ ಕಡ್ಡಿ ಆಂಟೆನಾನೂ 24 ಡಿಬಿಐ ಗ್ರಿಡ್ (ಜಾಲರಿ ಡಿಶ್) ಆಂಟೆನಾನೂ ಹಿಡಿಯೋದು ಹೆಚ್ಚುಕಮ್ಮಿ ಅಷ್ಟೇ. ಇದು ಕೇಳೋಕೆ ವಿಚಿತ್ರ ಅನ್ಸುತ್ತೆ, ಹಾಗಾಗಿ ಹಂತ ಹಂತವಾಗಿ ಲೆಕ್ಕ ಹಾಕಿ ನೋಡೋಣ, ಆಮೇಲೆ ನಿಮ್ಮ ಮನೆ ಮಾಳಿಗೆ ಮೇಲೇ ಅಳೆಯೋಣ. ಕ್ಯಾಲ್ಕುಲೇಟರ್, ಒಂದು ನೋಟ್‌ಬುಕ್, ನಿಮ್ಮ ರೂಟರ್ ಸಾಕು.

ಹೆಜ್ಜೆ 1: ಡಿಬಿಐ ನಂಬರನ್ನ "ಎಷ್ಟು ಪಟ್ಟು" ಅಂತ ಬದಲಾಯಿಸ್ಕೊಳ್ಳಿ

3 ಡಿಬಿ ಅಂದ್ರೆ ಸುಮಾರು 2 ಪಟ್ಟು, 6 ಅಂದ್ರೆ 4 ಪಟ್ಟು, 10 ಅಂದ್ರೆ 10 ಪಟ್ಟು, 20 ಅಂದ್ರೆ 100 ಪಟ್ಟು. ಇಷ್ಟು ಬಾಯಿಪಾಠ ಇದ್ರೆ ಮುಕ್ಕಾಲು ಕೆಲಸ ಆಯ್ತು. ಡಿಬಿಐ ಅನ್ನೋದ್ರಲ್ಲಿರೋ ಐ ಅಕ್ಷರ ಐಸೊಟ್ರೋಪಿಕ್ ಆಂಟೆನಾದ್ದು, ಅಂದ್ರೆ ಮೇಲೆ ಕೆಳಗೆ ಅಕ್ಕಪಕ್ಕ ಎಲ್ಲಾ ದಿಕ್ಕಿಗೂ ಒಂದೇ ಸಮ ಇರೋ ಒಂದು ಕಾಲ್ಪನಿಕ ಆಂಟೆನಾ, ಅಂಥದ್ದನ್ನ ನಿಜವಾಗಿ ಕಟ್ಟೋಕಾಗಲ್ಲ, ಹೋಲಿಸೋಕೆ ಮಾತ್ರ ಇಟ್ಕೊಂಡಿದ್ದಾರೆ. ಕೆಲವರು ಡಿಬಿಡಿ ಅಂತ ಬರೀತಾರೆ, ಅದು ಡೈಪೋಲ್ (ಎರಡು ಕಡ್ಡಿಯ ಸರಳ ಆಂಟೆನಾ) ಜೊತೆಗಿನ ಹೋಲಿಕೆ, ಅದಕ್ಕೆ 2.15 ಸೇರಿಸಿದ್ರೆ ಡಿಬಿಐ ಸಿಗುತ್ತೆ. ಬರೀ "12 ಡಿಬಿ" ಅಂತ ಬರೆದು ಮುಂದೆ ಏನೂ ಇಲ್ದಿದ್ರೆ ಅಂಥದ್ದನ್ನ ತಗೊಳ್ಳೋಕೆ ಮುಂಚೆ ಸ್ವಲ್ಪ ಯೋಚ್ನೆ ಮಾಡಿ.

ಈಗ ಮುಖ್ಯ ವಿಷಯ. ಆಂಟೆನಾಗೆ ಕರೆಂಟ್ ಕೊಡಲ್ಲ, ಅದು ಬರೀ ಅಲ್ಯೂಮಿನಿಯಂ ಕಡ್ಡಿ ಅಥವಾ ತಗಡು, ಅದು ಪವರ್ ಹುಟ್ಟಿಸೋಕೆ ಸಾಧ್ಯನೇ ಇಲ್ಲ. ಹಾಗಿದ್ರೆ ಗೇನ್ ಎಲ್ಲಿಂದ ಬಂತು? ಬೇರೆ ದಿಕ್ಕುಗಳಿಂದ ಕಿತ್ಕೊಂಡು ಬಂತು. ಅಕ್ಕಿರೊಟ್ಟಿ ಹಿಟ್ಟಿನ ಉಂಡೆ ತಗೊಂಡು ಒಂದು ಕಡೆ ಎಳೆದ್ರೆ ಆ ಕಡೆ ಉದ್ದ ಆಗುತ್ತೆ, ಉಳಿದ ಕಡೆ ತೆಳ್ಳಗಾಗುತ್ತೆ, ಹಿಟ್ಟು ಮಾತ್ರ ಅಷ್ಟೇ ಇರುತ್ತೆ. ಆಂಟೆನಾ ಒಳಗೆ ಏನೂ ನಷ್ಟ ಆಗಲ್ಲ ಅಂತ ಇಟ್ಕೊಂಡ್ರೆ, ಸುತ್ತಲಿನ ಎಲ್ಲಾ ದಿಕ್ಕಿನ ಗೇನನ್ನ ಪಟ್ಟು ಲೆಕ್ಕದಲ್ಲಿ ಸರಾಸರಿ ಮಾಡಿದ್ರೆ ಯಾವ ಆಂಟೆನಾಗಾದ್ರೂ ಸರಿಯಾಗಿ 1 ಬರುತ್ತೆ. ಯಾಗಿ (ಹಳೇ ಟಿವಿ ಆಂಟೆನಾ ಥರ ಸಾಲು ಕಡ್ಡಿ ಇರೋದು), ಡಿಶ್, ಕಡ್ಡಿ, ಪ್ಯಾನಲ್, ಯಾವ್ದೇ ಆಗ್ಲಿ. ಒಳಗೆ ನಷ್ಟ ಇದ್ರೆ 1ಕ್ಕಿಂತ ಕಮ್ಮಿ ಬರುತ್ತೆ, ಜಾಸ್ತಿ ಅಂತೂ ಬರಲ್ಲ.

ಹೆಜ್ಜೆ 2: ಒಂದು ದಿಕ್ಕಿನಿಂದ ಎಷ್ಟು ಹಿಡಿಯುತ್ತೆ ಅಂತ ಲೆಕ್ಕ ಹಾಕಿ

ಪ್ರತಿ ಆಂಟೆನಾಗೂ ಒಂದು "ಹಿಡಿಯೋ ವಿಸ್ತೀರ್ಣ" ಇರುತ್ತೆ. ಸೂತ್ರ ಸುಲಭ: ತರಂಗಾಂತರವನ್ನ ಅದರಿಂದ್ಲೇ ಗುಣಿಸಿ, 12.57ರಿಂದ ಭಾಗಿಸಿ (ಇದು 4 ಪೈ), ಬಂದಿದ್ದನ್ನ ಗೇನ್ ಪಟ್ಟಿನಿಂದ ಗುಣಿಸಿ. 1800 ಮೆಗಾಹರ್ಟ್ಸ್ 4ಜಿ ಬ್ಯಾಂಡ್‌ನಲ್ಲಿ ತರಂಗಾಂತರ 16.7 ಸೆಂಟಿಮೀಟರ್, ಹಾಗಾಗಿ ಗೇನ್ 1 ಇರೋ ಆಂಟೆನಾದ ವಿಸ್ತೀರ್ಣ ಸುಮಾರು 22 ಚದರ ಸೆಂ.ಮೀ. 10 ಡಿಬಿಐ ಆಂಟೆನಾ ಆದ್ರೆ 220 ಚದರ ಸೆಂ.ಮೀ., ಆದ್ರೆ ಅದು ಮೂತಿ ಮಾಡಿರೋ ದಿಕ್ಕಿಗೆ ಮಾತ್ರ. 850 ಮೆಗಾಹರ್ಟ್ಸ್‌ಗೆ ಬಂದ್ರೆ ತರಂಗಾಂತರ 35 ಸೆಂ.ಮೀ., ಗೇನ್ 1ಕ್ಕೇ ಸುಮಾರು 99 ಚದರ ಸೆಂ.ಮೀ. ಸಿಗುತ್ತೆ. ಕಮ್ಮಿ ಫ್ರೀಕ್ವೆನ್ಸಿ ಬ್ಯಾಂಡ್ ಹಳ್ಳಿ ಕಡೆ ದೂರ ಬರೋಕೆ ಇದೂ ಒಂದು ಕಾರಣ.

ಇದೇ ಲೆಕ್ಕದಿಂದ ಮೋಸಾನೂ ಹಿಡೀಬಹುದು. 850ರಲ್ಲಿ 12 ಡಿಬಿಐ ಅಂದ್ರೆ ಸುಮಾರು 16 ಪಟ್ಟು, ಅಂದ್ರೆ ಸುಮಾರು 1,570 ಚದರ ಸೆಂ.ಮೀ., ಹತ್ತತ್ರ 40 ಸೆಂ.ಮೀ. ಅಗಲ 40 ಸೆಂ.ಮೀ. ಎತ್ತರದ ಜಾಗ. ಪೆನ್ನಿನಷ್ಟಿರೋ ಮ್ಯಾಗ್ನೆಟ್ ಬೇಸ್ ಆಂಟೆನಾ ಮೇಲೆ "12 ಡಿಬಿಐ, 700ರಿಂದ 2700 ಮೆಗಾಹರ್ಟ್ಸ್" ಅಂತ ಅಂಟಿಸಿದ್ರೆ ಅದನ್ನ ಅಲ್ಲೇ ಬಿಟ್ಟು ಬನ್ನಿ. ಇಷ್ಟು ಕಡಿಮೆ ಜಾಗದಲ್ಲಿ ಅಷ್ಟು ಗೇನ್ ಬರೋಕೆ ದಾರಿ ಇಲ್ಲ.

ಹೆಜ್ಜೆ 3: ಈಗ ಎಲ್ಲಾ ದಿಕ್ಕಿನದ್ದೂ ಕೂಡಿಸಿ

ನಿಮ್ಮ ಸುತ್ತಲಿನ ಪೂರ್ತಿ ಗೋಳವನ್ನ, ಅಂದ್ರೆ ಆಕಾಶ, ಗುಡ್ಡ, ಕಾಲ ಕೆಳಗಿನ ನೆಲ ಎಲ್ಲಾ ಸೇರಿಸಿ, 100 ಸಮ ತುಂಡು ಮಾಡಿದ್ರಿ ಅಂತ ಇಟ್ಕೊಳ್ಳಿ. ಪ್ರತಿ ತುಂಡಿನಿಂದ್ಲೂ ಒಂದೇ ಸಮ ನಾಯ್ಸ್, ಅಂದ್ರೆ ನಮಗೆ ಬೇಡದ ರೇಡಿಯೋ ಗದ್ದಲ, ಬರ್ತಿದೆ. ಗೇನ್ 1 ಆಂಟೆನಾ ಒಂದೊಂದು ತುಂಡಿನಿಂದ 1 ಯೂನಿಟ್ ಹಿಡಿಯುತ್ತೆ, ಒಟ್ಟು 100. ಈಗ 10 ಡಿಬಿಐ ಆಂಟೆನಾ ಹಾಕಿ. ಅದು 10 ತುಂಡುಗಳ ಕಡೆ ಮಾತ್ರ ನೋಡುತ್ತೆ, ಒಂದೊಂದರಿಂದ 10 ಯೂನಿಟ್ ಹಿಡಿಯುತ್ತೆ, ಉಳಿದ 90 ತುಂಡಿನಿಂದ ಸೊನ್ನೆ. ಒಟ್ಟು ಮತ್ತೆ 100! 20 ಡಿಬಿಐ ಆದ್ರೆ ಒಂದೇ ತುಂಡು, ಅದರಿಂದ 100 ಯೂನಿಟ್, ಒಟ್ಟು ಅದೇ 100. ನಿಜವಾದ ಆಂಟೆನಾದಲ್ಲಿ ಹೀಗೆ ಗೆರೆ ಕೊರೆದಂತೆ ಇರಲ್ಲ, ಪಕ್ಕಕ್ಕೂ ಹಿಂದಕ್ಕೂ ಸಣ್ಣ ಸಣ್ಣ ಲೋಬ್ (ಸ್ವಲ್ಪ ಹಿಡಿಯೋ ದಿಕ್ಕುಗಳು) ಇರುತ್ತೆ, ಆದ್ರೂ ಕೂಡಿಸಿದ್ರೆ ಬರೋ ಉತ್ತರ ಇದೇ.

ಈಗ ಆ ನೂರರಲ್ಲಿ ಒಂದು ತುಂಡಿನಲ್ಲಿ ನಿಮ್ಮ ಟವರ್ ಇದೆ ಅಂದ್ಕೊಳ್ಳಿ. ಗೇನ್ 1ರಲ್ಲಿ ಟವರ್‌ನ ಸಿಗ್ನಲ್ 1 ಯೂನಿಟ್, ನಾಯ್ಸ್ 100. ಅದರ ಕಡೆ ತಿರುಗಿಸಿದ 10 ಡಿಬಿಐನಲ್ಲಿ ಸಿಗ್ನಲ್ 10, ನಾಯ್ಸ್ 100. 20 ಡಿಬಿಐನಲ್ಲಿ ಸಿಗ್ನಲ್ 100, ನಾಯ್ಸ್ 100. ನೋಡಿ, ಗೇನ್ ಮಾಡಿದ ಉಪಕಾರ ಪೂರ್ತಿ ಇಲ್ಲೇ ಇದೆ. ಒಟ್ಟು ಪವರ್ ಜಾಸ್ತಿ ಮಾಡೋದು ಅದರ ಕೆಲಸ ಅಲ್ಲ, ಯಾರ ಮಾತು ಕೇಳಬೇಕು ಯಾರದ್ದು ಬಿಡಬೇಕು ಅಂತ ಆರಿಸೋದು ಅದರ ಕೆಲಸ.

ಬೀಮ್, ಅಂದ್ರೆ ಆಂಟೆನಾ ಚೆನ್ನಾಗಿ ಹಿಡಿಯೋ ಕೋನ, ಎಷ್ಟು ಅಗಲ ಇರುತ್ತೆ ಅನ್ನೋಕೆ ಒಂದು ಅಂದಾಜು ಸೂತ್ರ ಇದೆ. ಪೂರ್ತಿ ಗೋಳದಲ್ಲಿ 41,253 ಚದರ ಡಿಗ್ರಿ ಇದೆ, ಅದನ್ನ ಗೇನ್ ಪಟ್ಟಿನಿಂದ ಭಾಗಿಸಿ. 10 ಡಿಬಿಐಗೆ ಸುಮಾರು 64 ಡಿಗ್ರಿ ಅಗಲ 64 ಡಿಗ್ರಿ ಎತ್ತರ, 20 ಡಿಬಿಐಗೆ 20ಕ್ಕೆ 20, 24 ಡಿಬಿಐ ಗ್ರಿಡ್‌ಗೆ 13ಕ್ಕೆ 13 ಡಿಗ್ರಿ. ಲೋಬ್‌ಗಳಿಗೂ ಪಾಲು ಹೋಗೋದ್ರಿಂದ ನಿಜದಲ್ಲಿ ಇದಕ್ಕಿಂತ ಸ್ವಲ್ಪ ಕಿರಿದಾಗೇ ಇರುತ್ತೆ. ಬೆಂಗಳೂರು ಹತ್ರ ಬ್ಯಾಲಾಳುನಲ್ಲಿ ಇಸ್ರೋದ 32 ಮೀಟರ್ ಡಿಶ್ ಇದೆ, ಅದು 8.4 ಗಿಗಾಹರ್ಟ್ಸ್‌ನಲ್ಲಿ ಎಷ್ಟು ಕಿರಿದಾಗಿ ನೋಡುತ್ತೆ ಅಂತ ಲೆಕ್ಕ ಹಾಕಿದ್ರೆ ಒಂದು ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತ್ಲೂ ಕಮ್ಮಿ ಬರುತ್ತೆ. ಚಂದ್ರನ ಹತ್ರದಿಂದ ಬರೋ ಕ್ಷೀಣ ಸಿಗ್ನಲ್ ಹಿಡಿಯೋಕೆ ಅಷ್ಟು ಕಿರಿದು ಬೇಕು, ಹಾಗೆ ಕಿರಿದು ಮಾಡಿದ ಮೇಲೆ ಆಚೀಚೆ ಕದಲದಂತೆ ಗುರಿ ಇಡೋದೇ ಒಂದು ದೊಡ್ಡ ಕೆಲಸ ಆಗುತ್ತೆ.

ಇದು ಬರೀ ಕಾಗದದ ಲೆಕ್ಕ ಅಲ್ಲ. 1964ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಬೆಲ್ ಲ್ಯಾಬ್ಸ್‌ನ ಅರ್ನೋ ಪೆನ್ಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಒಂದು ದೊಡ್ಡ ಹಾರ್ನ್ ಆಂಟೆನಾ ಇಟ್ಕೊಂಡು ಅಳೀತಿದ್ರು, ಅದನ್ನ ಆಕಾಶದಲ್ಲಿ ಎಲ್ಲಿಗೆ ತಿರುಗಿಸಿದ್ರೂ ಸುಮಾರು 3.5 ಕೆಲ್ವಿನ್‌ನಷ್ಟು (ನಾಯ್ಸನ್ನ ಉಷ್ಣತೆಯ ಲೆಕ್ಕದಲ್ಲಿ ಹೇಳೋ ರೀತಿ) ನಾಯ್ಸ್ ಉಳಿದೇ ಇತ್ತು, ದಿಕ್ಕು ಬದಲಾದ್ರೂ ಕಮ್ಮಿ ಆಗ್ಲಿಲ್ಲ ಜಾಸ್ತೀನೂ ಆಗ್ಲಿಲ್ಲ. ಅದು ಬ್ರಹ್ಮಾಂಡ ಹುಟ್ಟಿದಾಗಿನ ಬಿಸಿಯ ಉಳಿಕೆ ಅಂತ ಗೊತ್ತಾಗಿ 1978ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ನಮಗೆ ಬೇಕಾದ ಪಾಠ ಏನಂದ್ರೆ, ಎಲ್ಲಾ ಕಡೆಯಿಂದ್ಲೂ ಸಮನಾಗಿ ಬರೋದನ್ನ ಹತ್ತು ಪಟ್ಟು ದೊಡ್ಡ ಆಂಟೆನಾ ತಂದ್ರೂ ಜಾಸ್ತಿ ಮಾಡೋಕಾಗಲ್ಲ.

ಹೆಜ್ಜೆ 4: ರೂಟರ್ ತೋರಿಸೋ ನಂಬರ್‌ಗಳಲ್ಲಿ ಯಾವ್ದು ಯಾವ್ದು ಅಂತ ಗುರುತಿಸಿ

ರೂಟರ್‌ನ ಅಡ್ಮಿನ್ ಪೇಜ್ ತೆಗೀರಿ. ಅಲ್ಲಿ ಆರ್‌ಎಸ್‌ಆರ್‌ಪಿ, ಆರ್‌ಎಸ್‌ಎಸ್‌ಐ, ಸಿನ್ರ್ ಅಂತ ಇರುತ್ತೆ. ಆರ್‌ಎಸ್‌ಆರ್‌ಪಿ ಅಂದ್ರೆ ನೀವು ಕನೆಕ್ಟ್ ಆಗಿರೋ ಸೆಲ್‌ನ (ಟವರ್‌ನ ಒಂದು ಭಾಗ) ಸಿಗ್ನಲ್ ಮಾತ್ರ, 15 ಕಿಲೋಹರ್ಟ್ಸ್ ಅಗಲದ ಒಂದು ಸಣ್ಣ ಸೀಳಿನಲ್ಲಿ ಎಷ್ಟು ಇದೆ ಅನ್ನೋದು. ಆರ್‌ಎಸ್‌ಎಸ್‌ಐ ಅಂದ್ರೆ ಆ ಚಾನಲ್‌ನಲ್ಲಿ ಬಂದಿದ್ದೆಲ್ಲಾ, ನಿಮ್ಮ ಟವರ್, ಪಕ್ಕದ ಟವರ್, ನಾಯ್ಸ್ ಎಲ್ಲಾ ಸೇರಿ. ಸಿನ್ರ್ ಅಂದ್ರೆ ಬೇಕಾದ್ದು ಬೇಡದ್ದಕ್ಕಿಂತ ಎಷ್ಟು ಮೇಲಿದೆ ಅನ್ನೋದು.

ಬಹಳ ಜನ ಯಾಗಿ ಹಾಕಿ ಆರ್‌ಎಸ್‌ಎಸ್‌ಐ ನೋಡಿ "ಏನೂ ವ್ಯತ್ಯಾಸ ಇಲ್ಲ" ಅಂತ ವಾಪಸ್ ಕಳಿಸ್ತಾರೆ. ಆರ್‌ಎಸ್‌ಎಸ್‌ಐ ಹೇಳೋದು ಒಟ್ಟು ಮೊತ್ತ, ಮೂರು ಕಡೆ ಟವರ್ ಇರೋ ಜಾಗದಲ್ಲಿ ಒಂದು ಕಡೆಯದ್ದು ಏರಿ ಇನ್ನೆರಡು ಕಡೆಯದ್ದು ಇಳಿದ್ರೆ ಮೊತ್ತ ಅಲ್ಲಲ್ಲೇ ನಿಲ್ಲುತ್ತೆ. ನೀವು ನೋಡಬೇಕಾದ್ದು ಆರ್‌ಎಸ್‌ಆರ್‌ಪಿ ಮತ್ತು ಸಿನ್ರ್. ಎರಡು ಟವರ್ ಎದುರುಬದುರು ದಿಕ್ಕಿನಲ್ಲಿದ್ದು ಕಡ್ಡಿ ಆಂಟೆನಾದಲ್ಲಿ ಎರಡೂ ಸಮ ಬರ್ತಿದ್ರೆ, ಹಿಂದುಮುಂದಿನ ವ್ಯತ್ಯಾಸ 18 ಡಿಬಿ ಇರೋ ಯಾಗಿ ಹಾಕಿದ ಕೂಡ್ಲೇ ಒಂದು ಇನ್ನೊಂದಕ್ಕಿಂತ 18 ಡಿಬಿ ಮೇಲೆ ಹೋಗುತ್ತೆ. ಸ್ಪೀಡ್ ಏರೋದು ಈ ವ್ಯತ್ಯಾಸದಿಂದ.

ಇನ್ನೊಂದು ನಂಬರ್ ತಲೇಲಿಟ್ಕೊಳ್ಳಿ. ಸುತ್ತಲಿನ ನೆಲ, ಮರ, ಗೋಡೆ ಎಲ್ಲಾ ಮಾಮೂಲಿ ಉಷ್ಣತೆಯಲ್ಲಿದ್ರೆ ಆ 15 ಕಿಲೋಹರ್ಟ್ಸ್ ಸೀಳಿನಲ್ಲಿ ಬರೋ ಸಹಜ ನಾಯ್ಸ್ ಮೈನಸ್ 132 ಡಿಬಿಎಂ (1 ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ ಲೆಕ್ಕ), ಆಂಟೆನಾ ಯಾವ್ದಾದ್ರೂ ಅಷ್ಟೇ. ರೂಟರ್ ತನ್ನದೇ ಆದ ನಾಯ್ಸ್ ಇನ್ನೊಂದಷ್ಟು ಸೇರಿಸುತ್ತೆ, ಹಾಗಾಗಿ ಆರ್‌ಎಸ್‌ಆರ್‌ಪಿ ಮೈನಸ್ 120 ದಾಟಿ ಕೆಳಗೆ ಹೋದ್ರೆ ಬ್ರೌಸಿಂಗ್ ತೆವಳುತ್ತೆ.

ಹೆಜ್ಜೆ 5: 12 ದಿಕ್ಕು ತಿರುಗಿಸಿ ಬರ್ಕೊಳ್ಳಿ

ರೂಟರ್‌ನಲ್ಲಿ ಬ್ಯಾಂಡ್ ಲಾಕ್ ಮಾಡೋ ಆಪ್ಶನ್ ಇದ್ರೆ ಒಂದು ಬ್ಯಾಂಡ್‌ಗೆ ಲಾಕ್ ಮಾಡಿ, ಇಲ್ಲಾಂದ್ರೆ ಸೆಲ್ ಐಡಿ ನೋಡ್ತಾ ಇರಿ, ಅದು ಬದಲಾದ್ರೆ ಆ ರೀಡಿಂಗ್ ಬಿಟ್ಬಿಡಿ. ಮಾಳಿಗೆ ಮೇಲೆ ಪೈಪ್ ನಿಲ್ಲಿಸಿ, ಬುಡದಲ್ಲಿ ಸೀಮೆಸುಣ್ಣದಿಂದ 30 ಡಿಗ್ರಿಗೊಂದು ಗುರುತು ಹಾಕಿ. ಪ್ರತಿ ಗುರುತಿಗೂ ತಿರುಗಿಸಿ ಅರ್ಧ ನಿಮಿಷ ಕಾಯಿರಿ, ಯಾಕಂದ್ರೆ ರೂಟರ್ ನಂಬರ್ ನಿಧಾನಕ್ಕೆ ಬದಲಾಗುತ್ತೆ, ಆಮೇಲೆ ಆರ್‌ಎಸ್‌ಆರ್‌ಪಿ ಮತ್ತು ಸಿನ್ರ್ ಬರ್ಕೊಳ್ಳಿ. ಅದೇ ಎತ್ತರದಲ್ಲಿ ಕಡ್ಡಿ ಆಂಟೆನಾ ಇಟ್ಟೂ ಒಂದ್ಸಲ ಬರ್ಕೊಳ್ಳಿ.

ಒಂದು ಉದಾಹರಣೆ ಲೆಕ್ಕ ಮಾಡೋಣ. ಕಡ್ಡಿ ಆಂಟೆನಾ 2 ಡಿಬಿಐ, ಎಲ್ಲಾ ದಿಕ್ಕಿಗೂ ಮೈನಸ್ 108. ಯಾಗಿ 10 ಡಿಬಿಐ, ಟವರ್ ನೇರಕ್ಕೆ ಮೈನಸ್ 100, ಎಡ ಬಲ 30 ಡಿಗ್ರಿಗೆ ಮೈನಸ್ 103, 60ಕ್ಕೆ ಮೈನಸ್ 113, 90ಕ್ಕೆ ಮೈನಸ್ 123, 120ಕ್ಕೆ ಮೈನಸ್ 120, 150ಕ್ಕೆ ಮೈನಸ್ 122, ಪೂರ್ತಿ ಹಿಂದಕ್ಕೆ ಮೈನಸ್ 118. ಇದನ್ನ ಹಾಗೇ ಕೂಡಿಸಿ 12ರಿಂದ ಭಾಗಿಸಿದ್ರೆ ಮೈನಸ್ 115 ಬರುತ್ತೆ, ಅಂದ್ರೆ ಯಾಗಿ ಕಡ್ಡಿಗಿಂತ 7 ಡಿಬಿ ದಡ್ಡ ಅನ್ನೋ ತೀರ್ಮಾನ! ಹಾಗೆ ಮಾಡಬಾರದು, ಡಿಬಿಎಂ ನಂಬರ್‌ಗಳನ್ನ ನೇರವಾಗಿ ಸರಾಸರಿ ಮಾಡೋ ಹಾಗೇ ಇಲ್ಲ. ಮೊದ್ಲು ಪವರ್‌ಗೆ ಬದಲಾಯಿಸಿ. ಮೈನಸ್ 110ನ್ನ 1 ಯೂನಿಟ್ ಅಂತ ಇಟ್ಕೊಳ್ಳಿ (2 ಡಿಬಿಐ ಕಡ್ಡಿಗೆ ಮೈನಸ್ 108 ಆದ್ರೆ ಗೇನ್ 1 ಆಂಟೆನಾಗೆ ಬರೋದು ಇದೇ), ಆಗ ಮೈನಸ್ 100 ಅಂದ್ರೆ 10, ಮೈನಸ್ 103 ಅಂದ್ರೆ 5, ಮೈನಸ್ 113 ಅಂದ್ರೆ ಅರ್ಧ, ಮೈನಸ್ 120 ಅಂದ್ರೆ ಹತ್ತನೇ ಒಂದು ಭಾಗ. ಹೀಗೆ 12ನ್ನೂ ಕೂಡಿಸಿದ್ರೆ ಯಾಗಿಗೆ ಸುಮಾರು 21.6 ಯೂನಿಟ್ ಬರುತ್ತೆ. ಕಡ್ಡಿಗೆ ಒಂದೊಂದು ದಿಕ್ಕಿಗೆ 1.58, ಹನ್ನೆರಡಕ್ಕೆ 19. ಎರಡಕ್ಕೂ ಇರೋ ಅಂತರ ಬರೀ ಅರ್ಧ ಡಿಬಿ ಆಸುಪಾಸು. ಟವರ್ ನೇರಕ್ಕೆ 8 ಡಿಬಿ ಗೆದ್ದ ಆಂಟೆನಾ, ಸುತ್ತು ಹಾಕಿ ಕೂಡಿಸಿದ್ರೆ ಗೆದ್ದಿದ್ದು ಅಷ್ಟೇ.

ಹಾಗಿದ್ರೆ ಎರಡಕ್ಕೂ ಸರಾಸರಿ 1ಕ್ಕಿಂತ ಜಾಸ್ತಿ ಯಾಕೆ ಬಂತು ಅಂತ ಕೇಳ್ತೀರಾ? ನಾವು ಅಳೆದಿದ್ದು ಅಡ್ಡಡ್ಡ ಸುತ್ತು ಮಾತ್ರ, ಮೇಲೆ ಕೆಳಗೆ ಅಳೀಲಿಲ್ಲ, ಎರಡೂ ಆಂಟೆನಾ ತಲೆ ಮೇಲಿನ ಪಾಲನ್ನ ಕಿತ್ತು ಅಡ್ಡಕ್ಕೆ ತಂದಿವೆ.

ಹೆಜ್ಜೆ 6: ಹಳೇ ಡಿಟಿಎಚ್ ಡಿಶ್ ಇದ್ರೆ ಇದೊಂದು ಮಾಡಿ ನೋಡಿ

ಇದು ಕಡ್ಡಾಯ ಅಲ್ಲ, ಆದ್ರೆ ನನಗೆ ತುಂಬಾ ಇಷ್ಟ ಆಗಿರೋ ಪ್ರಯೋಗ, ಮಕ್ಕಳಿಗೆ ತೋರಿಸೋಕೂ ಚೆನ್ನಾಗಿರುತ್ತೆ. ಮುಳ್ಳು ಇರೋ ಸ್ಯಾಟಲೈಟ್ ಫೈಂಡರ್ ಮೀಟರ್ ತಗೊಂಡು ಎಲ್‌ಎನ್‌ಬಿ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯೋ ಡಬ್ಬಿ) ಮತ್ತು ಸೆಟ್ ಟಾಪ್ ಬಾಕ್ಸ್ ಮಧ್ಯೆ ಹಾಕಿ. ಎಲ್‌ಎನ್‌ಬಿ ಬಿಚ್ಚಿ ಬರೀಗೈಯಲ್ಲಿ ಹಿಡಿದು ದೊಡ್ಡ ಗೋಡೆ ಕಡೆ ತೋರಿಸಿ, ಮುಳ್ಳು ಎಲ್ಲಿ ನಿಂತ್ತು ನೋಡ್ಕೊಳ್ಳಿ. ಈಗ ವಾಪಸ್ ಡಿಶ್‌ಗೆ ಕೂರಿಸಿ ಪೂರ್ತಿ ಡಿಶ್‌ನ ಅದೇ ಗೋಡೆಗೆ ತೋರಿಸಿ. 60 ಸೆಂ.ಮೀ. ಡಿಶ್‌ಗೆ ಸುಮಾರು 35 ಡಿಬಿಐ ಗೇನ್ ಇದೆ, ಅಂದ್ರೆ ಮೂರು ಸಾವಿರ ಪಟ್ಟು ಮೇಲೆ, ಆದ್ರೂ ಮುಳ್ಳು ಹೆಚ್ಚುಕಮ್ಮಿ ಅಲ್ಲೇ ಇರುತ್ತೆ. ಗೋಡೆ ಬೀಮ್ ಪೂರ್ತಿ ತುಂಬಿದೆ, ಹಾಗಾಗಿ ಗೇನ್‌ಗೆ ಅಲ್ಲಿ ಕೆಲಸ ಇಲ್ಲ.

ಈಗ ಸೂರ್ಯನ ಕಡೆ. ಎಲ್‌ಎನ್‌ಬಿ ಒಂದನ್ನೇ ತೋರಿಸಿದ್ರೆ ಮುಳ್ಳು ಅಲುಗೋದು ಕಾಣಲ್ಲ, ಯಾಕಂದ್ರೆ ಸೂರ್ಯ ಬರೀ ಅರ್ಧ ಡಿಗ್ರಿ ಅಗಲ, ಎಲ್‌ಎನ್‌ಬಿಯ ಅಗಲವಾದ ನೋಟದಲ್ಲಿ ಅದು ಎಲ್ಲೋ ಮುಳುಗಿಹೋಗುತ್ತೆ. ಡಿಶ್ ಬೀಮ್ ಸುಮಾರು 3 ಡಿಗ್ರಿ, ಅದನ್ನ ನಿಧಾನಕ್ಕೆ ಸೂರ್ಯನ ಮೇಲೆ ಹಾಯಿಸಿದ್ರೆ ಮುಳ್ಳು ಏರಿ ಇಳಿಯೋದು ಸರಿಯಾಗಿ ಕಾಣುತ್ತೆ. ಕಣ್ಣಲ್ಲಿ ಸೂರ್ಯನ್ನ ನೋಡಬೇಡಿ, ಡಿಶ್‌ನ ಅಲ್ಲೇ ಬಿಟ್ಟು ಹೋಗಲೂಬೇಡಿ.

ಹೆಜ್ಜೆ 7: ನಿಮ್ಮ ಜಾಗಕ್ಕೆ ಎಷ್ಟು ಗೇನ್ ಬೇಕು ಅಂತ ತೀರ್ಮಾನ ಮಾಡಿ

ಟವರ್ ಕಣ್ಣಿಗೆ ಕಾಣುತ್ತೆ, ಮಧ್ಯೆ ಮರ ಗುಡ್ಡ ಇಲ್ಲ ಅಂದ್ರೆ ಗೇನ್ ಎಷ್ಟು ಜಾಸ್ತಿ ಇದ್ರೆ ಅಷ್ಟು ಲಾಭ, ಪೈಪ್ ಗಾಳಿಗೆ ತಿರುಗದಂತೆ ಗಟ್ಟಿ ಕಟ್ಟಿದ್ರೆ ಆಯ್ತು. ಆದ್ರೆ ಕಣಿವೆ ಒಳಗಿನ ಮನೆಗಳಲ್ಲಿ ಸಿಗ್ನಲ್ ನೇರ ಬರಲ್ಲ, ಎದುರು ಗುಡ್ಡಕ್ಕೆ ಬಡಿದು, ಅಡಿಕೆ ಮರದ ಗರಿಗಳಲ್ಲಿ ಚದುರಿ, ಅಗಲವಾದ ಕೋನದಿಂದ ಬರುತ್ತೆ. ಅಲ್ಲಿ 24 ಡಿಬಿಐ ಗ್ರಿಡ್ ಹಾಕಿದ್ರೆ ಅದರ ಕಿರಿದಾದ ಬೀಮ್‌ಗೆ ಬೀಳೋದು ಆ ಹರಡಿದ ಸಿಗ್ನಲ್‌ನ ಒಂದು ಚೂರು ಮಾತ್ರ, ಡಬ್ಬದ ಮೇಲಿನ ಗೇನ್ ಪೂರ್ತಿ ಸಿಗಲ್ಲ. ನನ್ನ ಅಭಿಪ್ರಾಯದಲ್ಲಿ ಅಂಥ ಕಡೆ 9ರಿಂದ 11 ಡಿಬಿಐನ ಲಾಗ್ ಪೀರಿಯಾಡಿಕ್ (ಬೇರೆ ಬೇರೆ ಉದ್ದದ ಕಡ್ಡಿ ಸಾಲಾಗಿರೋದು) ಅಥವಾ ಪ್ಯಾನಲ್ ಸಾಕು, ಉಳಿದ ದುಡ್ಡನ್ನ ಪೈಪ್ ಎತ್ತರ ಮಾಡೋಕೆ ಹಾಕಿ.

ಮನೆ ಒಳಗೆ ಅಥವಾ ಪೇಟೆಯ ಬಿಲ್ಡಿಂಗ್ ಸಂದಿಯಲ್ಲಿ ಇದು ಇನ್ನೂ ವಿಪರೀತ. ಸಿಗ್ನಲ್ ಗೋಡೆಗೋಡೆಗೆ ಬಡಿದು ಎಲ್ಲಾ ದಿಕ್ಕಿನಿಂದ್ಲೂ ಬರ್ತಿದ್ರೆ ಈಗ ಸಿಗ್ನಲ್ಲೇ ನಮ್ಮ ಹೆಜ್ಜೆ 3ರ ನಾಯ್ಸ್ ಥರ ಆಯ್ತು, ಗೇನ್ ಜಾಸ್ತಿ ಮಾಡಿದ್ರೂ ಸರಾಸರಿ ಹಿಡಿಯೋದು ಅಷ್ಟೇ. ಅಲ್ಲಿ ಲೆಕ್ಕಕ್ಕೆ ಬರೋದು ಆಂಟೆನಾದ ದಕ್ಷತೆ, ಅಂದ್ರೆ ಒಳಗಿನ ನಷ್ಟ ಎಷ್ಟು ಕಮ್ಮಿ ಅನ್ನೋದು, ಒಂದೇ. ಆಂಟೆನಾ ಲ್ಯಾಬ್‌ಗಳಲ್ಲಿ ಲೋಹದ ಗೋಡೆಯ ರಿವರ್ಬರೇಶನ್ ಚೇಂಬರ್ ಅಂತ ಇರುತ್ತೆ, ಅದರೊಳಗೆ ಬೇಕಂತಲೇ ಎಲ್ಲಾ ಕಡೆಯಿಂದ ಸಿಗ್ನಲ್ ಬರೋ ಹಾಗೆ ಮಾಡಿ ಮೊಬೈಲ್ ಆಂಟೆನಾದ ದಕ್ಷತೆ ಅಳೀತಾರೆ, ಅಲ್ಲಿ ದಿಕ್ಕಿನ ಗೇನ್ ತಾನಾಗೇ ಲೆಕ್ಕದಿಂದ ಹೋಗ್ಬಿಡುತ್ತೆ.

"ಓಮ್ನಿ" ಅಂತ ಮಾರೋ ಉದ್ದ ಕಡ್ಡಿಗಳ ಬಗ್ಗೆ ಒಂದು ಎಚ್ಚರಿಕೆ. 8 ಡಿಬಿಐ ಓಮ್ನಿ ಅಂದ್ರೆ ಅಡ್ಡಕ್ಕೆ ಎಲ್ಲಾ ಕಡೆ ಅಷ್ಟು, ಆದ್ರೆ ಲಂಬವಾಗಿ ಬೀಮ್ ಸುಮಾರು 15 ಡಿಗ್ರಿಗೆ ಕಿರಿದಾಗಿರುತ್ತೆ. ನಿಮ್ಮ ಮನೆ ತಗ್ಗಲ್ಲಿದ್ದು ಟವರ್ ಹತ್ತಿರದ ಗುಡ್ಡದ ನೆತ್ತಿ ಮೇಲಿದ್ರೆ ಸಿಗ್ನಲ್ ಆ ಬೀಮ್ ಮೇಲಿಂದ ಹಾದು ಹೋಗುತ್ತೆ, ಅಲ್ಲಿ 2 ಡಿಬಿಐ ಕಡ್ಡೀನೇ ವಾಸಿ.

ಹೆಜ್ಜೆ 8: ಕೇಬಲ್ ಲೆಕ್ಕ ಕಳೀರಿ

ಕೇಬಲ್ ನಷ್ಟ ಎಲ್ಲಾ ದಿಕ್ಕಿನ ಸಿಗ್ನಲ್ಲನ್ನೂ ಒಂದೇ ಸಮ ತಿನ್ನುತ್ತೆ, ಆದ್ರೆ ನಾಯ್ಸ್‌ನ ತಿನ್ನಲ್ಲ, ಯಾಕಂದ್ರೆ ಕೇಬಲ್‌ಗೂ ಸುತ್ತಲಿನಷ್ಟೇ ಬಿಸಿ ಇದ್ದು ಅದು ಕಳೆದಷ್ಟು ನಾಯ್ಸ್‌ನ ತಾನೇ ತುಂಬಿಕೊಡುತ್ತೆ. 1800 ಮೆಗಾಹರ್ಟ್ಸ್‌ನಲ್ಲಿ ತೆಳ್ಳಗಿನ ಆರ್‌ಜಿ 58 ಕೇಬಲ್ 10 ಮೀಟರ್‌ಗೆ 6 ಡಿಬಿಗಿಂತ ಜಾಸ್ತಿ ತಿನ್ನುತ್ತೆ, ದಪ್ಪ ಎಲ್‌ಎಂಆರ್ 400 ಆದ್ರೆ ಸುಮಾರು 2 ಡಿಬಿ. ಹಾಗಾಗಿ 10 ಡಿಬಿಐ ಆಂಟೆನಾ ತಂದು ಅಗ್ಗದ ಉದ್ದ ಕೇಬಲ್ ಹಾಕಿದ್ರೆ ಕೈಗೆ ಬರೋದು 4ಕ್ಕಿಂತ ಕಮ್ಮಿ. ಸಾಧ್ಯ ಆದ್ರೆ ರೂಟರ್‌ನೇ ಮಾಳಿಗೆ ಹತ್ರ ತಂದು ಅಲ್ಲಿಂದ ಕೆಳಕ್ಕೆ ಲ್ಯಾನ್ ಕೇಬಲ್ ಎಳೀರಿ. ಬೂಸ್ಟರ್ ಹಾಕಿ ಈ ನಷ್ಟ ತುಂಬಿಸೋ ಆಸೆ ಬೇಡ, ಅದು ಸಿಗ್ನಲ್ ಜೊತೆ ನಾಯ್ಸನ್ನೂ ಎತ್ತುತ್ತೆ, ಮೇಲಾಗಿ ನಮ್ಮ ದೇಶದಲ್ಲಿ ಅನುಮತಿ ಇಲ್ದೆ ಮೊಬೈಲ್ ಬೂಸ್ಟರ್ ಹಾಕೋದು ಕಾನೂನುಬಾಹಿರ, ಪಕ್ಕದೂರಿನವರ ನೆಟ್‌ವರ್ಕ್‌ಗೂ ತೊಂದ್ರೆ.

ರೂಟರ್‌ನಲ್ಲಿ ಎರಡು ಆಂಟೆನಾ ಪೋರ್ಟ್ ಇದ್ರೆ ಎರಡಕ್ಕೂ ಆಂಟೆನಾ ಕೊಡಿ, ಒಂದನ್ನ ಬಲಕ್ಕೆ 45 ಡಿಗ್ರಿ ಇನ್ನೊಂದನ್ನ ಎಡಕ್ಕೆ 45 ಡಿಗ್ರಿ ಓರೆ ಮಾಡಿ, ಎರಡೂ ಒಂದೇ ಟವರ್ ಕಡೆ. ಕನೆಕ್ಟರ್‌ಗೆ ಸೆಲ್ಫ್ ಫ್ಯೂಸಿಂಗ್ ಟೇಪ್ ಸುತ್ತಿ, ಕೇಬಲ್ ಒಳಗೆ ಬರೋ ಜಾಗದಲ್ಲಿ ಸ್ವಲ್ಪ ಕೆಳಗೆ ಜೋತುಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗ್ಲಿ. ಬೇಸಿಗೆಯಲ್ಲಿ ಗುರಿ ಇಟ್ಟಿದ್ರೆ ಜೂನ್ ಜುಲೈನಲ್ಲಿ ಎಲೆಯೆಲ್ಲಾ ಒದ್ದೆ ಆದ ಮೇಲೆ ಹೆಜ್ಜೆ 5ನ್ನ ಇನ್ನೊಮ್ಮೆ ಮಾಡಿ, ನೇರ ದಿಕ್ಕಿಗಿಂತ ಗುಡ್ಡದ ಪ್ರತಿಫಲನದ ದಿಕ್ಕು ಚೆನ್ನಾಗಿ ಬರೋದೂ ಉಂಟು, ಆಗ ಸಿನ್ರ್ ಯಾವ ಗುರುತಿನಲ್ಲಿ ಜಾಸ್ತಿ ಇದೆಯೋ ಅಲ್ಲಿಗೇ ಪೈಪ್ ಬೋಲ್ಟ್ ಬಿಗಿ ಮಾಡಿ.